ಮೆರಿನೊ ಉಣ್ಣೆಯೂ ನಮ್ಮ ಕರಿ ಕುರಿಯೂ
(ಸಿರಿಗೆರೆಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಮೆರಿನೊ ಉಣ್ಣೆಗೆ ಇರುವ ಬೆಲೆ ನಮ್ಮ ಉಣ್ಣೆಗೆ ಏಕಿಲ್ಲವೆಂದು ನೀವು ಕೇಳುತ್ತೀರಿ. ಮೆರಿನೊ ಸ್ಪೇನ್ ದೇಶದಲ್ಲಿ ಹೆಸರಾಗಿ, ಆಸ್ಟ್ರೇಲಿಯದಲ್ಲಿ ಹೆಚ್ಚಿದ ಕುರಿ. ಅದರ ಎಳೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಸಣ್ಣದು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಆದ್ದರಿಂದ ಅದು ಮೈಗೆ ಚುಚ್ಚದು. ಎಳೆಯ ಸುರುಳಿಗಳಲ್ಲಿ ಗಾಳಿ ನಿಂತು ಚಳಿಯನ್ನು ತಡೆಯುತ್ತದೆ. ಬೆವರು ಹೀರಿದರೂ ಬೇಗ ಒದ್ದೆಯೆನಿಸದು.

ನಾನು ಹೊಸದಾಗಿ ಬಂದಾಗ, "ಹಿಂಡಿಗೆ ಮೆರಿನೊ ಟಗರು ಬಿಡೋಣ" ಎಂದೆ. ಕುರಿ ಕಾಯುವ ಹಿರಿಯರೊಬ್ಬರು, "ಸ್ವಾಮಿ, ಬೇಸಿಗೆಯಲ್ಲಿ ಕೂಳೆ ಮೇಯುತ್ತಾ ಅದು ನಮ್ಮ ಕುರಿಯ ಜೊತೆ ನಡೆದೀತೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮೆರಿನೊ ರಕ್ತ ಬೆರೆತ ನೀಲಗಿರಿ ತಳಿ ನೆಲೆಸಿರುವುದು ತಂಪಾದ ಬೆಟ್ಟದಲ್ಲಿ. ನಮ್ಮ ಬಿಸಿಲಿಗೆ ಹೊಂದಿದ್ದು ದಖನಿ ಕರಿ ಕುರಿ. ಅದರ ಉಣ್ಣೆ ಒರಟು ನಿಜ. ಆದರೆ ಚಳ್ಳಕೆರೆಯ ಕಂಬಳಿಗೆ ಆ ಒರಟೇ ಬಲ.

ಹಾಗಾದರೆ ಮೆರಿನೊ ಸಾಕುವವರಿಂದ ಕಲಿಯಬೇಕಾದ್ದೇನು? ಉಣ್ಣೆ ವಿಂಗಡಿಸುವ ಶಿಸ್ತು. ಅವರು ಹೊಟ್ಟೆಯ ಉಣ್ಣೆಯನ್ನೂ ಕೊಳೆಯಾದುದನ್ನೂ ಬೇರೆ ಇಡುತ್ತಾರೆ. ನಾವೂ ಹೀಗೆ ಮಾಡಬಹುದು:

1. ಕತ್ತರಿಸುವ ಮೊದಲು ಕುರಿಯನ್ನು ಹರಿಯುವ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ.
2. ಮಣ್ಣಿನ ಮೇಲೆ ಬೇಡ, ತಾಡಪಾಲು ಹಾಸಿ ಕತ್ತರಿಸಿ.
3. ಕರಿ, ಬಿಳಿ ಬೆರೆಸಬೇಡಿ. ಮರಿಗಳ ಮೊದಲ ಉಣ್ಣೆ ಮೆತ್ತಗಿರುತ್ತದೆ. ಅದನ್ನು ಬೇರೆ ಚೀಲಕ್ಕೆ ತುಂಬಿ.
4. ಮುಳ್ಳು, ಹಿಕ್ಕೆ ಆರಿಸಿ ತೆಗೆಯಿರಿ.

ಎಲ್ಲವನ್ನೂ ಒಂದೇ ಮೂಟೆಗೆ ತುಂಬಿದರೆ ಒಳ್ಳೆಯ ಉಣ್ಣೆಗೂ ಕಸದ ಬೆಲೆಯೇ. ಮುಂದಿನ ಕತ್ತರಿಕೆಯಲ್ಲಿ ಒಂದು ಹಿಂಡಿನಲ್ಲಾದರೂ ಮಾಡಿ ನೋಡೋಣ. ಕತ್ತರಿ ಹಿಡಿಯುವ ದಿನ ಹೇಳಿ ಕಳಿಸಿ, ನಾನೂ ಬಂದು ಕೈಜೋಡಿಸುತ್ತೇನೆ.