ಗ್ಯಾಲರಿಯ ತೊಲೆ, ಬಟ್ಟೆ ಒಗೆದ ನೀರು

(ಬೈಕುಲ್ಲಾದಲ್ಲಿ ಕೂಡಿದ ಸದಸ್ಯರ ಸಭೆಯಲ್ಲಿ ಸಂಘದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ನಾವು ಹೆಚ್ಚು ಓದಿದವರಲ್ಲ. ಏಳನೆಯ ತರಗತಿಗೆ ಶರಣು ಹೊಡೆದು, ಊರು ಬಿಟ್ಟು, ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುತ್ತ ದೊಡ್ಡವರಾದವರು. ಆದುದರಿಂದ ದೊಡ್ಡ ಮಾತು ಬೇಡ. ದಿನವೂ ನಾವೆಲ್ಲರೂ ಕಾಲಿಡುವ ಚಾಳಿನ ಗ್ಯಾಲರಿಯ ವಿಷಯವನ್ನೇ ಇಂದು ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಎರಡು ವರ್ಷದ ಹಿಂದೆ ನಮ್ಮ ಖೋಲಿಯ ಆರು ಮಂದಿ ವಂತಿಗೆ ಹಾಕಿ, ಬಟ್ಟೆ ಒಗೆಯುವ ಹಳೆಯ ಯಂತ್ರವೊಂದನ್ನು ಕೊಂಡೆವು. ದಿನವೆಲ್ಲ ಗಿರಾಕಿಗಳ ಮುಂದೆ ನಿಂತು ಬಂದವನಿಗೆ ರಾತ್ರಿ ಬಟ್ಟೆ ಒಗೆಯುವ ತ್ರಾಣ ಎಲ್ಲಿಂದ ಬರಬೇಕು? ಒಳಗೆ ಜಾಗವಿರಲಿಲ್ಲ. ಯಂತ್ರವನ್ನು ಗ್ಯಾಲರಿಯಲ್ಲಿಟ್ಟು, ಕೊಳೆ ನೀರಿನ ಪೈಪನ್ನು ಹಲಗೆಯ ಸಂದಿಗೆ ಬಿಟ್ಟೆವು. ಒಂದು ಮಳೆಗಾಲ ಕಳೆಯಿತು. ಒಂದು ಬೆಳಗ್ಗೆ ಪಕ್ಕದ ಖೋಲಿಯ ಅಜ್ಜಿ ಕೊಡ ಹಿಡಿದು ಬರುತ್ತಿದ್ದಾಗ ಹಲಗೆ ಮುರಿದು ಅವರ ಕಾಲು ಮೊಣಕಾಲಿನವರೆಗೆ ಕೆಳಗಿಳಿಯಿತು. ಜೀವ ಉಳಿಯಿತು. ಇಂದಿಗೂ ಅವರು ಕುಂಟುತ್ತಲೇ ನಳದ ಬಳಿಗೆ ಬರುತ್ತಾರೆ. ನಮಗೆ ಒಂದು ಮಾತು ಅಂದಿಲ್ಲ. ಅದೇ ನಮಗೆ ಶಿಕ್ಷೆ.

ಹಲಗೆ ಏಕೆ ಮುರಿಯಿತು? ಈ ಊರಿಗೆ 1896ರಲ್ಲಿ ಪ್ಲೇಗು ಬಂದಿತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿ ಬಡವರಿಗೆ ಚಾಳುಗಳನ್ನು ಕಟ್ಟಿತು; ಖಾಸಗಿ ಮಾಲೀಕರೂ ಕಟ್ಟಿದರು. ಅಂದು ಮರದ ಗ್ಯಾಲರಿ ಕಟ್ಟಿದವರು ನಾಲ್ಕು ಜನ ನಡೆದಾಡುವ ಭಾರವನ್ನು ಎಣಿಸಿದ್ದರೇ ಹೊರತು ಯಂತ್ರದ ಭಾರವನ್ನಲ್ಲ. ಮುಂದೆ ಬಾಗಿಲಿರುವ ಯಂತ್ರ ಖಾಲಿಯಿದ್ದಾಗಲೇ ಸುಮಾರು 60 ಕಿಲೊ ತೂಗುತ್ತದೆ. 200 ಲೀಟರಿನ ಡ್ರಮ್ಮು ತುಂಬಿದರೆ ನೀರೇ 200 ಕಿಲೊ. ಮಗ್ಗದ ಖಾತೆಯಲ್ಲಿ ದುಡಿದ ಹಿರಿಯರಿಗೆ ನಾವು ಹೇಳಬೇಕಾಗಿಲ್ಲ: ಯಂತ್ರ ನಡುಗಿದರೆ ನೆಲವೂ ನಡುಗುತ್ತದೆ.

ಆದರೆ ಭಾರಕ್ಕಿಂತ ಕೆಟ್ಟದ್ದು ತೇವ. ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುತ್ತದೆ. ಅಲ್ಲಿ ಗಾಳಿಯಿಲ್ಲ, ಬಿಸಿಲಿಲ್ಲ. ಒಳಹೊಕ್ಕ ನೀರು ಆರುವುದಿಲ್ಲ. ಮೇಲೆ ಬಣ್ಣ ಚೆನ್ನಾಗಿ ಕಂಡರೂ ಒಳಗೆ ಮರ ಹಿಟ್ಟಾಗುತ್ತದೆ.

ನಮ್ಮ ಕೈಯಿಂದ ಆಗುವ ಕೆಲಸಗಳು ಕೆಲವಿವೆ. ಒಂದು ದಬ್ಬಣ ತೆಗೆದುಕೊಂಡು, ಗೋಡೆಗೆ ತಾಗಿದ ಕಡೆ ತೊಲೆಗೆ ಚುಚ್ಚಿ ನೋಡಿ. ಗಟ್ಟಿ ಮರ ತಡೆಯುತ್ತದೆ. ಬೆಣ್ಣೆಗೆ ಇಳಿದಂತೆ ಇಳಿದರೆ ಆ ಜಾಗದಲ್ಲಿ ಯಾರೂ ಮಲಗಬಾರದು, ಭಾರ ಇಡಬಾರದು. ಯಂತ್ರವಿದ್ದರೆ ಮೋರಿಯ ಪಕ್ಕದಲ್ಲೇ ಇಡಿ. ಕೊಳೆ ನೀರಿನ ಪೈಪಿನ ಬಾಯಿ ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿರಲಿ. ನೆಲದ ಮೇಲೆ ಬಿಟ್ಟರೆ ಯಂತ್ರದೊಳಗಿನ ನೀರೆಲ್ಲ ತಾನೇ ಹರಿದು ಹೋಗುತ್ತದೆ. ನಳ ಮುಚ್ಚದೆ ಡ್ಯೂಟಿಗೆ ಹೋಗಬೇಡಿ. ನಾವಿಲ್ಲದ ಹೊತ್ತಿನಲ್ಲಿ ನೀರು ಬಂದರೆ ಕೆಳಗಿನ ಖೋಲಿಯವರ ಹಾಸಿಗೆಯ ಮೇಲೆ ಇಳಿಯುತ್ತದೆ. ಒದ್ದೆ ನೆಲದ ಮೇಲೆ ವೈರು ಎಳೆಯಬೇಡಿ; ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗೇ ಬೇಕು.

ಹಲಗೆ ಅಲುಗಿತೆಂದು ಅದರ ಮೇಲೆ ಸಿಮೆಂಟು ಹಾಸಿ ಲಾದಿ ಕೂಡಿಸುವವರಿದ್ದಾರೆ. ಒಂದು ಅಂಗುಲ ಸಿಮೆಂಟು ಚದರಡಿಗೆ ಸುಮಾರು 5 ಕಿಲೊ. 40 ಅಡಿ ಉದ್ದ, 4 ಅಡಿ ಅಗಲದ ಗ್ಯಾಲರಿಗೆ 800 ಕಿಲೊ ಆಯಿತು. ಇದು ರಿಪೇರಿಯಲ್ಲ, ಹೇರು. ಕಂಬ, ತೊಲೆ, ಗೋಡೆಗಳನ್ನಂತೂ ನಾವೇ ಮುಟ್ಟಬಾರದು. ಅದು ಇಂಜಿನಿಯರರು ನೋಡಿ ಮಾಡಿಸುವ ಕೆಲಸ. 2017ರ ಜುಲೈಯಲ್ಲಿ ಘಾಟ್ಕೋಪರಿನಲ್ಲಿ, ಕೆಳಗಿನ ಅಂತಸ್ತಿನಲ್ಲಿ ಮಾರ್ಪಾಟಿನ ಕೆಲಸ ನಡೆದಿದ್ದ ಕಟ್ಟಡ ಕುಸಿದು 17 ಮಂದಿ ಸತ್ತುದನ್ನು ಮರೆಯಲಾಗದು.

ಹಾಗಾದರೆ ತೊಲೆಗೆ ಗತಿಯೇನು? ಅದಕ್ಕೆ ಕಾಗದ ಬೇಕು. ಖಾಸಗಿ ಮಾಲೀಕರ ಬಾಡಿಗೆ ಚಾಳುಗಳಿಗೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನು ಇದೆ. ಅದರ 14ನೆಯ ಕಲಮಿನಂತೆ ರಿಪೇರಿ ಮಾಲೀಕನ ಹೊಣೆ. ಬರಹದಲ್ಲಿ ನೋಟೀಸು ಕೊಟ್ಟು 15 ದಿನವಾದರೂ ಮಾಡದಿದ್ದರೆ, ಬಾಡಿಗೆದಾರರು ಒಟ್ಟಾಗಿ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ವರ್ಷದ ಬಾಡಿಗೆಯ ಕಾಲುಭಾಗಕ್ಕೆ ಮೀರಕೂಡದು. ತಿಂಗಳಿಗೆ 200 ರೂಪಾಯಿ ಕೊಡುವವನಿಗೆ ಇದು ವರ್ಷಕ್ಕೆ 600 ರೂಪಾಯಿ. ಆ ದುಡ್ಡಿಗೆ ಒಂದು ತೊಲೆಯೂ ಬಾರದು. ಇಪ್ಪತ್ತು ಖೋಲಿ ಸೇರಿದರೆ 12,000 ಆಯಿತು! ಒಬ್ಬನ ಸಹಿ ಅರ್ಜಿ; ಇಪ್ಪತ್ತು ಜನರ ಸಹಿ ಬಲ.

ಸೆಸ್ ತೆರುವ ಹಳೆಯ ಕಟ್ಟಡವಾದರೆ, 1969ರ ಕಾನೂನಿನಿಂದ ಹುಟ್ಟಿ ಈಗ ಮ್ಹಾಡಾದ ಕೈಕೆಳಗಿರುವ ದುರಸ್ತಿ ಮಂಡಳಿಗೂ ಬರೆಯಬೇಕು. ಅಪಾಯ ಕಣ್ಣಿಗೆ ಕಂಡರೆ ಇ ವಾರ್ಡಿನ ಮುನಿಸಿಪಾಲಿಟಿ ಕಚೇರಿಗೂ ತಿಳಿಸಿ. ಎಲ್ಲದಕ್ಕೂ ನಕಲು ಇಟ್ಟುಕೊಂಡು, ಪೋಚು ಪಡೆಯಿರಿ. ಬರೆಯಲು ಬಾರದವರು ಸಂಘಕ್ಕೆ ಬನ್ನಿ. ನಮ್ಮ ಅಕ್ಷರ ದುಂಡಗಿಲ್ಲ, ಆದರೆ ಓದಲು ಬರುತ್ತದೆ.

ಊರಿನಲ್ಲಿ ನಮ್ಮ ಹಿರಿಯರು ಪತ್ತನಾಜೆಯೊಳಗೆ ಮಾಡಿಗೆ ಮುಳಿಹುಲ್ಲು ಹೊದಿಸಿ ಮುಗಿಸುತ್ತಿದ್ದರು. ಮಳೆ ಬಿದ್ದ ಮೇಲೆ ಏಣಿ ಹುಡುಕಿದವನನ್ನು ಊರೇ ನಗುತ್ತಿತ್ತು. ಅಲ್ಲಿ ಮನೆ ನಮ್ಮದಾಗಿತ್ತು, ಇಲ್ಲಿ ಖೋಲಿ ಬಾಡಿಗೆಯದು, ನಿಜ. ಆದರೆ ಗ್ಯಾಲರಿಯ ಮೇಲೆ ನಡೆಯುವ ಕಾಲು ನಮ್ಮವೇ ಅಲ್ಲವೇ?

ನಮ್ಮ ಯಂತ್ರ ಈಗ ಮೋರಿಯ ಬಳಿ ಇದೆ. ಅಜ್ಜಿಯ ಬಟ್ಟೆಯನ್ನೂ ಅದರಲ್ಲೇ ಒಗೆದು ಕೊಡುತ್ತೇವೆ. ಬರುವ ಭಾನುವಾರ ನಿಮ್ಮ ನಿಮ್ಮ ಗ್ಯಾಲರಿಯ ತೊಲೆಗಳಿಗೆ ದಬ್ಬಣ ಚುಚ್ಚಿ ನೋಡಿ ಬನ್ನಿರೆಂದು ಕೇಳಿಕೊಂಡು, ನಮ್ಮ ಮಾತು ಮುಗಿಸುತ್ತೇವೆ.