ಒಂದು ಕಾಫಿ, ಎರಡು ಲೋಟ

ಬಸ್ಸಲ್ಲಿ ನಿಂತಿದ್ದೀರೋ, ಪಾತ್ರೆ ತೊಳೀತಿದ್ದೀರೋ, ಆಫೀಸಿಂದ ವಾಪಸ್ ಬರ್ತಿದ್ದೀರೋ, ಎಲ್ಲಿದ್ರೂ ಸರಿ, ಒಂದು ಹತ್ತು ಹನ್ನೆರಡು ನಿಮಿಷ ನನ್ನ ಜೊತೆ ಇರಿ. ಇವತ್ತಿನ ವಿಷಯ ಕಾಫಿ. ಯಾವ ಬ್ರ್ಯಾಂಡು, ಎಷ್ಟು ಚಿಕೋರಿ ಅನ್ನೋ ಮಾತಲ್ಲ. ಕಾಫಿ ಕುಡಿಯೋವಾಗ ಪಕ್ಕದಲ್ಲಿ ನಿಂತಿರೋ ಗುರುತಿಲ್ಲದ ಮನುಷ್ಯರ ಮಾತು.

ಬಂಗಾರಪೇಟೆ ಅಂದ ಕೂಡಲೇ ನಿಮಗೆ ಪಾನಿಪುರಿ ನೆನಪಾಗುತ್ತೆ, ನೀರಿನ ಹಾಗೆ ತಿಳಿಯಾಗಿದ್ದೂ ಕಣ್ಣಲ್ಲಿ ನೀರು ತರಿಸೋ ಆ ಪಾನಿ. ಕೆಜಿಎಫ್ ಅಂದ್ರೆ ಸಿನಿಮಾ. ಬೂದಿಕೋಟೆ ಅಂದ್ರೆ, ಗೊತ್ತಿರೋರಿಗೆ ಹೈದರಾಲಿ ಹುಟ್ಟಿದ ಊರು. ನನಗೆ ಈ ಮೂರೂ ಸೇರಿ ಒಂದೇ ದಾರಿ. ಬೂದಿಕೋಟೆಯಿಂದ ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ಕೆಜಿಎಫ್ ಕಡೆಗೆ ರೈಲು. ಮಾರಿಕುಪ್ಪಂವರೆಗೆ ಹೋಗುವ ಆ ಪುಟ್ಟ ಲೈನಿನಲ್ಲಿ ಕೋರಮಂಡಲ್, ಉರಿಗಾಂ, ಚಾಂಪಿಯನ್ ಅಂತ ಗಣಿಗಳ ಹೆಸರೇ ಸ್ಟೇಷನ್‌ಗಳ ಹೆಸರು. ಮೂರು ವರ್ಷ ಹೀಗೆ ಓಡಾಡಿ ಬಿ.ಕಾಂ ಮುಗಿಸಿದೆ. ಬಸ್ಸಿಗೂ ರೈಲಿಗೂ ನಡುವೆ ಸಿಗುತ್ತಿದ್ದದ್ದು ಅರ್ಧ ಗಂಟೆ, ಕೆಲವು ಸಲ ಒಂದು ಗಂಟೆ. ಆ ಹೊತ್ತಿಗೆ ಸ್ಟೇಷನ್ ಹತ್ತಿರದ ಒಂದು ಕಾಫಿ ಅಂಗಡಿ.

ನಮ್ಮ ಕಡೆ ಬೈ-ಟು ಅಂತೀವಲ್ಲ, ಅದನ್ನ ಯಾವತ್ತಾದ್ರೂ ನಿಂತು ಯೋಚನೆ ಮಾಡಿದ್ದೀರಾ? ಒಂದು ಕಾಫಿ, ಎರಡು ಲೋಟ. ದುಡ್ಡು ಉಳಿಯುತ್ತೆ, ಅದು ಸರಿ. ಆದ್ರೆ ಬೈ-ಟು ಹೇಳ್ಬೇಕಾದ್ರೆ ಎದುರಿಗೆ ಇನ್ನೊಬ್ಬರು ಇರಬೇಕು. ಒಬ್ಬರೇ ಇದ್ದಾಗ ಅದನ್ನ ಹೇಳೋಕಾಗಲ್ಲ. ಪಕ್ಕದಲ್ಲಿ ಚಿಲ್ಲರೆ ಹುಡುಕ್ತಾ ನಿಂತವರನ್ನ "ಬೈ-ಟು ಹೇಳ್ಲಾ?" ಅಂತ ಕೇಳಿದ್ರೆ ಮುಗೀತು, ಪರಿಚಯ ಆಯ್ತು. ಲೋಟ ಖಾಲಿ ಆಗೋವರೆಗೆ ಮಾತಾಡಬಹುದು, ಖಾಲಿ ಆದ ಮೇಲೆ ಅವರವರ ದಾರಿ. ಹೆಸರು ಕೇಳಲೇಬೇಕು ಅಂತಿಲ್ಲ.

ಹೆಸರು ಕೇಳದೇ ಇರೋದು ದೊಡ್ಡ ವಿಷಯ. ಯಾಕೆ ಅಂದ್ರೆ, ನಮ್ಮೂರಲ್ಲಿ ಯಾರೇ ಸಿಕ್ಕಲಿ, ಮೊದಲ ಪ್ರಶ್ನೆ ಒಂದೇ: "ಯಾರ ಮನೆ ಹುಡುಗಿ ನೀನು?" ಅದು ಪ್ರೀತಿಯ ಪ್ರಶ್ನೆನೇ. ಆದ್ರೆ ಆ ಒಂದು ಉತ್ತರದಲ್ಲಿ ಜಾತಿ, ಬೀದಿ, ಅಪ್ಪನ ಜಮೀನು, ಅಕ್ಕನ ಮದುವೆ ಎಲ್ಲಾ ಬಂದುಬಿಡುತ್ತೆ. ಅಲ್ಲಿಂದ ಮುಂದೆ ಅವರು ಮಾತಾಡೋದು ನನ್ನ ಜೊತೆ ಅಲ್ಲ, ನಮ್ಮ ಮನೆ ಜೊತೆ. ಸ್ಟೇಷನ್ ಹತ್ತಿರದ ಕಾಫಿ ಅಂಗಡಿಯಲ್ಲಿ ಜನ ಕೇಳ್ತಿದ್ದದ್ದು "ಏನು ಓದ್ತಿದ್ದೀಯಮ್ಮ?" ಅಂತ, ಅಷ್ಟೇ. ಆ ಎರಡು ಪ್ರಶ್ನೆಗಳ ನಡುವಿನ ವ್ಯತ್ಯಾಸ ನನ್ನ ಪಾಲಿಗೆ ಒಂದು ಕಾಲೇಜಿನಷ್ಟು ದೊಡ್ಡದು.

ಅಲ್ಲಿ ಸಿಕ್ಕ ಮೂವರ ಮಾತು ಹೇಳ್ತೀನಿ. ಹೆಸರು ಹೇಳಲ್ಲ. ಇಬ್ಬರ ಹೆಸರು ನಾನು ಕೇಳಲೇ ಇಲ್ಲ.

ಮೊದಲನೆಯವರು ಒಬ್ಬ ತಾತ. ಕೆಜಿಎಫ್‌ನವರು, ಗಣಿಯಲ್ಲಿ ಕೆಲಸ ಮಾಡಿದವರು. ತಮಿಳು, ಕನ್ನಡ, ತೆಲುಗು ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಮಾತಾಡೋರು. ನನ್ನ ಕೈಯಲ್ಲಿದ್ದ ಕಾಸ್ಟ್ ಅಕೌಂಟಿಂಗ್ ಪುಸ್ತಕ ನೋಡಿ, "ಪಾಪ, ಇದರಲ್ಲಿ ಏನಿದೆ?" ಅಂದ್ರು. ನಾನು ಬ್ರೇಕ್-ಈವನ್ ಅಂದ್ರೆ ಏನು ಅಂತ ವಿವರಿಸಿದೆ. ಖರ್ಚು ಆದಾಯಕ್ಕಿಂತ ಜಾಸ್ತಿ ಆದ್ರೆ ಉತ್ಪಾದನೆ ನಿಲ್ಲಿಸ್ತಾರೆ ತಾತ, ಅಂತ. ಅವರು ನಕ್ಕು, "ನಮ್ಮನ್ನ ನಿಲ್ಲಿಸಿದ್ದೂ ಇದೇ ಲೆಕ್ಕ" ಅಂದ್ರು.

ನಿಜ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿಂದ ನೂರಿಪ್ಪತ್ತು ವರ್ಷ ಅಗೆದ ಗಣಿ ಅದು. ಆರಂಭದಲ್ಲಿ ಒಂದು ಟನ್ ಅದಿರಿಗೆ ನಲವತ್ತು ಗ್ರಾಂಗೂ ಮೇಲೆ ಚಿನ್ನ ಸಿಗ್ತಿತ್ತು, ಕೊನೆಕೊನೆಗೆ ಮೂರು ಗ್ರಾಂ ಆಸುಪಾಸು. ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಆಳಕ್ಕೆ ಗಾಳಿ ಕಳಿಸ್ಬೇಕು, ನೀರು ಎತ್ತಬೇಕು, ಕಾದ ಬಂಡೆಯ ಬಿಸಿ ತಗ್ಗಿಸ್ಬೇಕು. 2001ರಲ್ಲಿ ಚಿನ್ನದ ಬೆಲೆ ಹತ್ತು ಗ್ರಾಂಗೆ ಐದು ಸಾವಿರ ರೂಪಾಯಿಗಿಂತ ಕಡಿಮೆ ಇತ್ತು. ಆ ವರ್ಷ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪರೀಕ್ಷೆಯಲ್ಲಿ ಈ ಲೆಕ್ಕ ಬರೆದ್ರೆ ಪೂರ್ತಿ ಮಾರ್ಕ್ಸ್ ಸಿಗುತ್ತೆ.

ತಾತ ಹೇಳಿದ್ದು ಆ ಲೆಕ್ಕದ ಪುಸ್ತಕದಲ್ಲಿ ಇಲ್ಲದ ಕಾಲಂಗಳು. ಕಲ್ಲಿನ ಧೂಳು ಕುಡಿದ ಶ್ವಾಸಕೋಶಗಳು. ಬಂಡೆ ಸಿಡಿದಾಗ ಮೇಲೆ ಬಾರದವರು. ಅವರು ಒಂದು ಮಾತು ಹೇಳಿದ್ರು, ಇವತ್ತಿಗೂ ನನ್ನ ಕಿವಿಯಲ್ಲಿದೆ: "ಕೆಳಗೆ ಕಣ್ಣಿಗಿಂತ ಕಿವಿ ಮುಖ್ಯ ಪಾಪ. ಬಂಡೆ ಮೊದಲು ಸದ್ದು ಮಾಡುತ್ತೆ, ಆಮೇಲೆ ಬೀಳುತ್ತೆ. ಕೇಳಿಸ್ಕೊಂಡೋನು ಬದುಕ್ತಾನೆ."

ಅದೇ ಆಳದಲ್ಲಿ ವಿಜ್ಞಾನಿಗಳೂ ಒಂಥರಾ ಕಿವಿಗೊಟ್ಟು ಕೂತಿದ್ರು ಅನ್ನೋದು ನನಗೆ ಆಮೇಲೆ ಓದಿ ತಿಳೀತು. ಮೇಲಿಂದ ಸುರಿಯೋ ಕಾಸ್ಮಿಕ್ ಕಿರಣಗಳ ಗದ್ದಲವನ್ನ ಅಷ್ಟು ದಪ್ಪದ ಬಂಡೆ ತಡೆಯುತ್ತೆ. ಹಾಗಾಗಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಕೋಲಾರದ ಗಣಿಯಲ್ಲಿ ಸಿಕ್ತು. 1980ರ ದಶಕದಲ್ಲಿ ಅಲ್ಲೇ ಪ್ರೋಟಾನ್ ಒಡೆಯುತ್ತಾ ಅಂತ ಕಾದು ನೋಡೋ ಪ್ರಯೋಗವೂ ನಡೀತು. ಜಗತ್ತಿನ ದೊಡ್ಡ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಜಾಗ ನಮ್ಮ ಮನೆಯಿಂದ ಒಂದು ಬಸ್ಸು, ಒಂದು ರೈಲು ದೂರ.

ತಾತನ ಇನ್ನೊಂದು ಮಾತು ಕಾಫಿದೇ. ಅವರ ಅಪ್ಪ ತಮಿಳುನಾಡಿನ ಕಡೆಯ ಹಳ್ಳಿಯಿಂದ ಗಣಿಗೆ ಬಂದವರು. ಗಣಿ ಕಾರ್ಮಿಕರಲ್ಲಿ ಬಹಳಷ್ಟು ಮಂದಿ ಹಾಗೆ ಗಡಿ ದಾಟಿ ಬಂದ ದಲಿತ ಕುಟುಂಬದವರು. ಹಳ್ಳಿಯಲ್ಲಿ ಅವರ ಅಪ್ಪನಿಗೆ ಕಾಫಿ ಹುಯ್ಯುತ್ತಿದ್ದದ್ದು ತೆಂಗಿನ ಚಿಪ್ಪಿಗೆ. "ಗಣಿಗೆ ಯಾಕೆ ಬಂದ್ರು ಅಂತ ಕೇಳ್ತಾರೆ. ಲೋಟದಲ್ಲಿ ಕಾಫಿ ಕುಡಿಯೋಕೆ ಬಂದ್ರು ಅಂತ ಬರ್ಕೋ" ಅಂದ್ರು. ಗಣಿಯ ಮೇಲೆ ಸಾಹೇಬರ ಬಂಗಲೆ ಬೇರೆ, ಕೂಲಿಯವರ ಲೈನ್ ಮನೆ ಬೇರೆ. ಅದನ್ನೂ ಅವರು ಮುಚ್ಚಿಡಲಿಲ್ಲ. ಆದ್ರೆ ಹೋಟೆಲಲ್ಲಿ ಲೋಟ ಒಂದೇ ಆಯ್ತು ಅನ್ನೋದು ಅವರ ಮನೆಯ ಇತಿಹಾಸದಲ್ಲಿ ದೊಡ್ಡ ಘಟನೆ. ಅಸ್ಪೃಶ್ಯತೆ ಅಪರಾಧ ಅಂತ 1955ರಲ್ಲೇ ಕಾನೂನು ಬಂದ್ರೂ ಬೇರೆ ಲೋಟ ಇಡೋ ಅಂಗಡಿಗಳು ಎಷ್ಟೋ ಹಳ್ಳಿಗಳಲ್ಲಿ ಬಹಳ ಕಾಲ ಇದ್ವು. ಅವತ್ತು ನಾವಿಬ್ಬರು ಕುಡಿದದ್ದು ಬೈ-ಟು. ಒಂದೇ ಪಾತ್ರೆಯ ಡಿಕಾಕ್ಷನ್, ಒಂದೇ ಥರದ ಎರಡು ಲೋಟ. ಅದು ಬರೀ ಕಾಫಿ ಅಲ್ಲ ಅಂತ ನನಗೆ ಅವತ್ತು ಅರ್ಥ ಆಯ್ತು.

ಎರಡನೆಯವರು ಒಬ್ಬ ಅಕ್ಕ. ಸಂಜೆ ಬೆಂಗಳೂರಿಂದ ವಾಪಸ್ ಬರೋವಾಗ ಬಂಗಾರಪೇಟೆಯಲ್ಲಿ ಇಳಿದು ಊರ ಬಸ್ಸಿಗೆ ಕಾಯೋರು. ಗಣಿ ಮುಚ್ಚಿದ ಮೇಲೆ ಕೆಜಿಎಫ್ ಸುತ್ತಮುತ್ತಲಿನ ಸಾವಿರಾರು ಜನ ದಿನಾ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ. ಬೆಳಗಿನ ಸ್ವರ್ಣ ರೈಲು ನೋಡಿದವರಿಗೆ ಗೊತ್ತು, ಕಾಲಿಡೋಕೆ ಜಾಗ ಇರಲ್ಲ. ಡಿಗ್ರಿ ಆದ ಮೇಲೆ ನಾನೂ ಹಾಗೇ ಹೋಗಿ ಬರೋದು ಅಂತ ಮನೆಯಲ್ಲಿ ಮಾತಾಗಿತ್ತು. ಪಾಸ್ ಅಗ್ಗ, ಬಾಡಿಗೆ ಇಲ್ಲ, ಹುಡುಗಿ ರಾತ್ರಿಗೆ ಮನೆ ಸೇರ್ತಾಳೆ.

ಅಕ್ಕ ಕೇಳಿದ್ರು, "ನೀನು ಲೆಕ್ಕ ಓದ್ತೀಯಲ್ಲ, ನನ್ನ ಲೆಕ್ಕ ಹಾಕು." ದಿನಾ ಹೋಗಿ ಬರೋಕೆ ನಾಲ್ಕೂವರೆ ಗಂಟೆ. ತಿಂಗಳಿಗೆ 26 ದಿನ. ನಾನು ಕಾಗದದ ಮೇಲೆ ಬರೆದೆ: 117 ಗಂಟೆ. ಎಂಟು ಗಂಟೆಯ ಶಿಫ್ಟ್‌ಗೆ ಭಾಗಿಸಿದ್ರೆ ಹದಿನಾಲ್ಕು ದಿನಕ್ಕೂ ಜಾಸ್ತಿ. ಅಕ್ಕ ಕಾಗದ ನೋಡಿ ಸ್ವಲ್ಪ ಹೊತ್ತು ಸುಮ್ನಿದ್ರು. "ಅಂದ್ರೆ ತಿಂಗಳಲ್ಲಿ ಅರ್ಧ ತಿಂಗಳು ಬಿಟ್ಟಿ ಕೆಲಸ" ಅಂದ್ರು. ಆಮೇಲೆ, "ನಂಗೆ ಬೇರೆ ದಾರಿ ಇಲ್ಲ, ಮಕ್ಕಳ ಸ್ಕೂಲು ಇಲ್ಲೇ. ನಿಂಗೆ ಇದೆ. ಕೆಲಸ ಒಪ್ಕೊಳ್ಳೋ ಮುಂಚೆ ಸಂಬಳ ಎಷ್ಟು ಅಂತ ಮಾತ್ರ ಕೇಳ್ಬೇಡ, ಗಂಟೆ ಎಷ್ಟು ಅಂತ ಲೆಕ್ಕ ಹಾಕು" ಅಂದ್ರು. ಡಿಗ್ರಿ ಮುಗಿದಾಗ ಮನೆಯಲ್ಲಿ ನಾನು ವಾದ ಮಾಡಿದ್ದು ಇದೇ ಲೆಕ್ಕ ಇಟ್ಕೊಂಡು. ಅಪ್ಪನ ಮುಂದೆ "ನಂಗೆ ಸ್ವಾತಂತ್ರ್ಯ ಬೇಕು" ಅಂದಿದ್ರೆ ಜಗಳ ಆಗ್ತಿತ್ತು. 117 ಗಂಟೆ ಅಂದೆ. ಅಪ್ಪ ಎರಡು ಸಲ ಗುಣಾಕಾರ ಮಾಡಿ ನೋಡಿ, ಬೆಂಗಳೂರಲ್ಲಿ ರೂಮ್ ಮಾಡೋಕೆ ಒಪ್ಪಿದ್ರು.

ಮೂರನೆಯವರು ನಮ್ಮೂರಿನವರೇ. ಅದೇ ಅಂಗಡಿ ಮುಂದೆ ಸಿಕ್ಕಿದ್ರು, ಹಾಗಾಗಿ ಮೊದಲ ಪ್ರಶ್ನೆ "ಯಾರ ಮನೆ ಹುಡುಗಿ" ಅನ್ನೋದೇ ಆಗಿತ್ತು. ಉತ್ತರ ಹೇಳಿ, ಫೋನಲ್ಲಿ ಏನೋ ರೆಕಾರ್ಡ್ ಮಾಡ್ತಿದ್ದೆ. ಆ ಅಮ್ಮ ಬಗ್ಗಿ ನೋಡಿ, "ಮೈಕ್ ಬಾಯಿಗೆ ಅಷ್ಟು ಹತ್ರ ಹಿಡೀಬಾರ್ದು ಕಣಮ್ಮ, ಉಸಿರು ಕೇಳಿಸುತ್ತೆ" ಅಂದ್ರು. ನಾನು ಬೆಚ್ಚಿಬಿದ್ದೆ. ಸೆರಗು ಸಿಕ್ಕಿಸಿಕೊಂಡು ತರಕಾರಿ ಚೀಲ ಹಿಡಿದ ಹೆಂಗಸು ನಂಗೆ ಮೈಕ್ ಪಾಠ ಹೇಳ್ತಿದ್ದಾರೆ!

ಬೂದಿಕೋಟೆಯಲ್ಲಿ "ನಮ್ಮ ಧ್ವನಿ" ಅಂತ ಒಂದಿತ್ತು. ನಾನು ಆಗ ತೀರಾ ಚಿಕ್ಕವಳು. ಆಕಾಶದ ತರಂಗಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತು. ಆದ್ರೆ ಸಮುದಾಯ ರೇಡಿಯೊ ನಡೆಸೋಕೆ ಸರ್ಕಾರ 2002ರಲ್ಲಿ ಅವಕಾಶ ಕೊಟ್ಟಿದ್ದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಹಳ್ಳಿಯ ಸಂಘಗಳ ಜೊತೆ ಕೆಲಸ ಮಾಡೋ ಸಂಸ್ಥೆಗಳಿಗೆ ಬಾಗಿಲು ತೆರೆದಿದ್ದು 2006ರಲ್ಲಿ. ಅಲ್ಲಿವರೆಗೆ ಬೂದಿಕೋಟೆ ಸುಮ್ನೆ ಕಾಯಲಿಲ್ಲ. ಮೈರಾಡ, ವಾಯ್ಸಸ್ ಅನ್ನೋ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಊರಲ್ಲಿ ಸ್ಟುಡಿಯೊ ಹಾಕಿದ್ವು. ಆಕಾಶದಲ್ಲಿ ಕಳಿಸೋ ಹಾಗಿಲ್ಲ ಅಂದ್ರೆ ತಂತಿಯಲ್ಲಿ ಕಳಿಸೋಣ ಅಂತ, ಟಿವಿಯ ಕೇಬಲ್ ಮೂಲಕ ಧ್ವನಿ ಮಾತ್ರ ಮನೆಮನೆಗೆ ಹೋಯ್ತು. ಕಾರ್ಯಕ್ರಮ ಮಾಡಿದವರಲ್ಲಿ ಸ್ವಸಹಾಯ ಸಂಘದ ಹೆಂಗಸರೂ ಇದ್ರು.

ಆ ಅಮ್ಮ ಅಲ್ಲಿ ಮಾತಾಡಿದವರು. "ಮೊದಲ ಸಲ ನನ್ನ ದನಿ ನಾನೇ ಕೇಳಿದಾಗ, ಇದು ಯಾರದೋ ಅನ್ನಿಸ್ತು. ಮನೇಲಿ ನಾನು ಮಾತಾಡಿದ್ರೆ ಯಾರೂ ಕೇಳ್ತಿರಲಿಲ್ಲ. ಅದೇ ಮಾತು ಟಿವಿ ಒಳಗಿಂದ ಬಂದಾಗ ನಮ್ಮ ಯಜಮಾನರು ಊಟ ಬಿಟ್ಟು ಕೇಳಿದ್ರು" ಅಂದ್ರು. ಲೋಟದಲ್ಲಿ ಕಾಫಿ ಆರಿ ಹೋಗಿತ್ತು. ನಾವಿಬ್ಬರೂ ಬಸ್ ಒಂದನ್ನ ಬಿಟ್ವಿ.

ಈ ಮೂವರಲ್ಲಿ ಯಾರೂ ನನಗೆ ಬುದ್ಧಿ ಹೇಳೋಕೆ ಅಂತ ಬಂದವರಲ್ಲ. ಸೆಮಿನಾರಿಗೆ ಕರೆಸಿದ ಅತಿಥಿಗಳಲ್ಲ. ಆದ್ರೆ ನಾನು ಏನು ಓದಿದೆ, ಎಲ್ಲಿಗೆ ಹೋದೆ, ಯಾವ ಕೆಲಸ ಆರಿಸಿಕೊಂಡೆ ಅನ್ನೋದರಲ್ಲಿ ಈ ಮೂರು ಕಾಫಿಗಳ ಪಾಲಿದೆ. ಅದಕ್ಕೇ ಈಗ ಸ್ವಲ್ಪ ಗಂಭೀರವಾದ ಮಾತು.

ಇಂಥ ಮಾತುಕತೆ ಅದೃಷ್ಟದಿಂದ ಆಗುತ್ತೆ ಅಂತೀವಿ. ಅದೃಷ್ಟಕ್ಕೂ ನಿಲ್ಲೋಕೆ ಒಂದು ಜಾಗ ಬೇಕು. ಊರಿನ ಅರಳಿಕಟ್ಟೆ ಗಂಡಸರದ್ದು. ಟೀ ಅಂಗಡಿ ಬೆಂಚು ಗಂಡಸರದ್ದು. ನಮ್ಮ ಕ್ಲಾಸಿನ ಹುಡುಗರು ದಿನಕ್ಕೆ ನಾಲ್ಕು ಸಲ ಕಾಫಿಗೆ ಹೋಗ್ತಿದ್ರು, ಯಾರೂ ಏನೂ ಕೇಳ್ತಿರಲಿಲ್ಲ. ಹುಡುಗಿ ಒಬ್ಬಳೇ ಲೋಟ ಹಿಡಿದು ನಿಂತ್ರೆ ಸಂಜೆಯೊಳಗೆ ಮನೆಗೆ ಸುದ್ದಿ ತಲುಪುತ್ತೆ. ನನಗೆ ಅವಕಾಶ ಸಿಕ್ಕಿದ್ದು ರೈಲು ಲೇಟಾಗಿದ್ದಕ್ಕೆ. "ರೈಲಿಗೆ ಕಾಯ್ತಿದ್ದೆ" ಅನ್ನೋದು ನನ್ನ ಪರ್ಮಿಷನ್ ಲೆಟರ್. ಬಸ್ಸು ನೇರವಾಗಿ ಕಾಲೇಜಿನ ಗೇಟಿಗೇ ಹೋಗ್ತಿದ್ರೆ ನಾನು ತಾತನನ್ನ ನೋಡ್ತಾನೇ ಇರಲಿಲ್ಲ. ಎಷ್ಟು ಹುಡುಗಿಯರು ಹಾಗೆ ಗೇಟಿಂದ ಗೇಟಿಗೆ ಹೋಗಿ ಡಿಗ್ರಿ ಮುಗಿಸಿದ್ರು! ಅವರಿಗಿಂತ ನಾನು ಜಾಣೆ ಅಲ್ಲ. ನನಗೆ ಅರ್ಧ ಗಂಟೆ ಸಿಕ್ತು, ಅವರಿಗೆ ಸಿಗಲಿಲ್ಲ.

ಆದ್ದರಿಂದ ಹುಡುಗರಿಗೆ ಒಂದು ಮಾತು. ಕಾಫಿಗೆ ಹೋಗೋವಾಗ ಕ್ಲಾಸಿನ ಹುಡುಗಿಯರನ್ನೂ ಕರೀರಿ. ಬೆಂಚಿನ ಮೇಲೆ ಬ್ಯಾಗ್ ಇಟ್ಟಿರ್ತೀರಲ್ಲ, ಅದನ್ನ ತೆಗೆದು ಕೆಳಗಿಡಿ. ಹುಡುಗಿಯರಿಗೂ ಒಂದು ಮಾತು. ಇಬ್ಬರು ಮೂವರು ಸೇರಿ ಹೋಗಿ, ಬೈ-ಟು, ಬೈ-ತ್ರೀ ಹೇಳಿ, ಸಲೀಸಾಗಿ ನಿಲ್ಲಿ. ನೀವು ದಿನಾ ನಿಂತ್ರೆ ನಾಲ್ಕನೇ ದಿನಕ್ಕೆ ಸುದ್ದಿ ಹಳಸಿಹೋಗುತ್ತೆ.

ಇನ್ನು ಇಬ್ಬರಿಗೂ ಸೇರಿ: ಪಕ್ಕದಲ್ಲಿ ನಿಂತವರನ್ನ ಯಾರ ಮನೆ, ಯಾವ ಊರು, ಯಾವ ಜನ ಅಂತ ಮೊದಲೇ ಕೇಳ್ಬೇಡಿ. ಏನು ಕೆಲಸ ಮಾಡ್ತೀರಿ, ಆ ಕೆಲಸ ಹೇಗೆ ಮಾಡ್ತೀರಿ ಅಂತ ಕೇಳಿ. ಮನುಷ್ಯರು ತಮ್ಮ ಕೆಲಸದ ಬಗ್ಗೆ ಮಾತಾಡೋವಾಗ ಬಹಳ ಚೆನ್ನಾಗಿ ಮಾತಾಡ್ತಾರೆ. ರೆಕಾರ್ಡ್ ಮಾಡ್ಬೇಕು ಅನ್ನಿಸಿದ್ರೆ ಮೊದಲು ಒಪ್ಪಿಗೆ ಕೇಳಿ, ಬೇಡ ಅಂದ್ರೆ ಫೋನ್ ಜೇಬಿಗೆ ಹಾಕಿ. ಮೈಕ್ ಬಾಯಿಗೆ ತೀರಾ ಹತ್ರ ಬೇಡ, ಉಸಿರು ಕೇಳಿಸುತ್ತೆ.

ಪಾಡ್‌ಕಾಸ್ಟ್ ಮಾಡೋಳು ಹೀಗೆ ಹೇಳಬಾರದು, ಆದ್ರೂ ಹೇಳ್ತೀನಿ. ಕಾಫಿ ಅಂಗಡಿ ಬಂತು ಅಂದ್ರೆ ನನ್ನನ್ನ ಅಲ್ಲೇ ಪಾಸ್ ಮಾಡಿ, ಇಯರ್‌ಫೋನ್ ತೆಗೀರಿ. ನಾನು ಎಲ್ಲೂ ಹೋಗಲ್ಲ, ಫೋನಲ್ಲೇ ಇರ್ತೀನಿ. ಪಕ್ಕದಲ್ಲಿ ನಿಂತವರಿಗೆ ಬಸ್ ಬಂದುಬಿಡುತ್ತೆ.

ಮುಂದಿನ ವಾರ ಸಿಗೋಣ. ನಮಸ್ಕಾರ.