ಉದ್ಯೋಗನಿವೃತ್ತಿಯೂ ಕಾಯಕಧರ್ಮವೂ



ಮನುಷ್ಯನ ಆಯುಷ್ಯದಲ್ಲಿ ಕೆಲವು ದಿನಗಳು ಬಂಧುಬಳಗದವರ ಸಮಕ್ಷಮದಲ್ಲಿ ಬರುವುವು. ಉದ್ಯೋಗ ದೊರೆತ ದಿನ, ವಿವಾಹದ ದಿನ, ಗೃಹಪ್ರವೇಶದ ದಿನ, ಇವೆಲ್ಲ ಅಂಥವು. ಉದ್ಯೋಗದಿಂದ ನಿವೃತ್ತನಾಗುವ ದಿನವೂ ಹಾರತುರಾಯಿಗಳ ದಿನವೇ. ಅಂದು ಶಾಲು ಹೊದಿಸುವವರುಂಟು, ಗುಣಗಾನ ಮಾಡುವವರುಂಟು, ಮನೆಯ ಬಾಗಿಲವರೆಗೂ ಬಂದು ಬೀಳ್ಕೊಡುವವರುಂಟು. ಆದರೆ ಅದರ ಮರುದಿನ ಬೆಳಗಾದಾಗ ಆತನ ಬಳಿಯಲ್ಲಿ ಯಾರೂ ಇರುವುದಿಲ್ಲ. ಎದ್ದು ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂಬ ಪ್ರಶ್ನೆಯು ಆತನೊಬ್ಬನನ್ನೇ ಎದುರುಗೊಳ್ಳುವುದು. ವಯೋಮಿತಿ ತುಂಬುವ ಮೊದಲೇ, ಐವತ್ತು ಐವತ್ತೆರಡರ ಪ್ರಾಯದಲ್ಲಿ ಉದ್ಯೋಗವನ್ನು ಬಿಟ್ಟವನಿಗೆ ಈ ಪ್ರಶ್ನೆಯು ಇನ್ನೂ ತೀಕ್ಷ್ಣವಾದುದು. ಏಕೆಂದರೆ ಆತನ ಮೈಯಲ್ಲಿ ಕಸುವು ಉಳಿದಿರುತ್ತದೆ, ಮುಂದೆ ಇಪ್ಪತ್ತು ಮೂವತ್ತು ವರ್ಷಗಳ ಆಯುಷ್ಯವೂ ಉಳಿದಿರಬಹುದು. ಆ ಮರುದಿನದ ವಿಚಾರವೇ ಈ ಉಪನ್ಯಾಸದ ವಿಷಯವು.

ರಾಯಚೂರು ಸೀಮೆಯಲ್ಲಿ ಈ ವಿಷಯವು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣತಕ್ಕ ಸ್ಥಳವು ಶಕ್ತಿನಗರವು. ಸೂಗೂರೇಶ್ವರನ ಸನ್ನಿಧಿಯಿಂದ ಪ್ರಸಿದ್ಧವಾದ ದೇವಸೂಗೂರಿನ ಮಗ್ಗುಲಲ್ಲಿ, ಕೃಷ್ಣಾನದಿಯ ದಡದಲ್ಲಿ, ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವು ನಿಂತಿರುವುದು. ಅದರ ಮೊದಲನೆಯ ಘಟಕವು 1985ರಲ್ಲಿ ಆರಂಭವಾಯಿತು. ಅನಂತರ ಒಂದೊಂದಾಗಿ ಬೆಳೆದು 210 ಮೆಗಾವಾಟಿನ ಏಳು ಘಟಕಗಳೂ 250 ಮೆಗಾವಾಟಿನ ಒಂದು ಘಟಕವೂ ಸೇರಿ ಒಟ್ಟು 1720 ಮೆಗಾವಾಟ್ ಸಾಮರ್ಥ್ಯವಾಯಿತು. ಇಂಥ ಕೇಂದ್ರಕ್ಕೆ ಹಗಲು ರಾತ್ರಿಗಳ ಭೇದವಿಲ್ಲ. ಆದುದರಿಂದ ಅಲ್ಲಿ ದುಡಿಯುವವರ ಕಾಲವು ಪಾಳಿಗಳಾಗಿ ಹಂಚಿಹೋಗಿರುವುದು. ಊಟವು ಪಾಳಿಯನ್ನನುಸರಿಸಿ, ನಿದ್ರೆಯು ಪಾಳಿಯನ್ನನುಸರಿಸಿ, ಹಬ್ಬಹರಿದಿನಗಳೂ ಪಾಳಿಯನ್ನನುಸರಿಸಿ ನಡೆಯುವುವು. ಇಪ್ಪತ್ತೈದು ವರ್ಷ ಈ ಕ್ರಮದಲ್ಲಿ ಬಾಳಿದವನಿಗೆ ಕಾಲವನ್ನು ತಾನೇ ಹಂಚಿಕೊಳ್ಳುವ ಅಭ್ಯಾಸವೇ ತಪ್ಪಿರುತ್ತದೆ. ಹೀಗಿರಲಾಗಿ, ಪಾಳಿಯ ಪಟ್ಟಿಯಿಂದ ಹೆಸರು ಅಳಿಸಿದ ಕೂಡಲೇ ದಿನದ ಚೌಕಟ್ಟೇ ಅಳಿಸಿದಂತಾಗುವುದು. ಜೊತೆಗೆ ವಸತಿಗೃಹವನ್ನೂ ತೆರವು ಮಾಡಬೇಕಾಗುವುದು, ನೆರೆಹೊರೆಯವರು ದೂರವಾಗುವರು, ಒಬ್ಬನು ರಾಯಚೂರು ನಗರದ ಬಡಾವಣೆಗೆ, ಇನ್ನೊಬ್ಬನು ಮಾನ್ವಿ ಇಲ್ಲವೆ ದೇವದುರ್ಗದ ಕಡೆಯ ತನ್ನ ಹಳ್ಳಿಗೆ ಹೊರಡುವನು.

ಅವಧಿಗೆ ಮುಂಚೆ ಉದ್ಯೋಗ ಬಿಡುವುದಕ್ಕೆ ಕಾರಣಗಳು ಅನೇಕ. ರಾತ್ರಿಪಾಳಿಯು ದೇಹಕ್ಕೆ ಒಗ್ಗದೆ ಬಿಟ್ಟವರುಂಟು. ವೃದ್ಧ ತಾಯಿತಂದೆಗಳ ಸೇವೆಗಾಗಿ ಬಿಟ್ಟವರುಂಟು. ಸಾಲ ತೀರಿಸುವುದಕ್ಕಾಗಿ ಒಮ್ಮೆಲೇ ಬರುವ ಹಣವನ್ನು ನೆಚ್ಚಿ ಬಿಟ್ಟವರೂ ಉಂಟು. ಕೆಲವರಿಗಂತೂ ಸಂಸ್ಥೆಯೇ ದಾರಿ ತೋರಿತು. 2000-01ರಲ್ಲಿ ನಮ್ಮ ದೇಶದ ಸರಕಾರಿ ಸ್ವಾಮ್ಯದ ಬ್ಯಾಂಕುಗಳಲ್ಲಿ ಸುಮಾರು ಒಂದು ಲಕ್ಷ ನೌಕರರು ಸ್ವಯಂನಿವೃತ್ತಿಯ ಯೋಜನೆಯಂತೆ ಹೊರಬಂದರು. ಕೋಲಾರದ ಚಿನ್ನದ ಗಣಿಯು 2001ರ ಫೆಬ್ರವರಿ 28ರಂದು ಮುಚ್ಚಿದಾಗ ತಲೆಮಾರುಗಳಿಂದ ಗಣಿಯನ್ನೇ ನಂಬಿದ್ದ ಕುಟುಂಬಗಳು ಒಂದೇ ದಿನದಲ್ಲಿ ಕೆಲಸವಿಲ್ಲದವಾದುವು. ಕಾರಣ ಯಾವುದೇ ಇರಲಿ, ಮರುದಿನದ ಪ್ರಶ್ನೆಯು ಮಾತ್ರ ಎಲ್ಲರಿಗೂ ಒಂದೇ.

ಈ ಪ್ರಶ್ನೆಗೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಇದೇ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ಎಂಬ ಶರಣದಂಪತಿಗಳ ಊರೆಂದು ಪ್ರಸಿದ್ಧವಾಗಿದೆ. ಅವರು ಕಲ್ಯಾಣಕ್ಕೆ ಹೋಗಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವ ಕಾಯಕವನ್ನು ಕೈಕೊಂಡಿದ್ದರು. ಶರಣರ ಚರಿತೆಗಳಲ್ಲಿ ಅವರ ಸಂಬಂಧವಾಗಿ ಎರಡು ಪ್ರಸಂಗಗಳು ಬರುವುವು. ಒಂದು ದಿನ ಮಾರಯ್ಯನು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಿರಲು, ಕಾಯಕವು ನಿಂತುಹೋಯಿತೆಂದು ಲಕ್ಕಮ್ಮನು ಎಚ್ಚರಿಸಿ ಆತನನ್ನು ಎಬ್ಬಿಸಿ ಕಳುಹಿದಳು. ಮತ್ತೊಂದು ದಿನ ಆತನು ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಅದು ಆಶೆಯ ಫಲವೆಂದು ಹೇಳಿ ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳು. ಕಾಯಕವು ನಿಲ್ಲಲೂ ಕೂಡದು, ಮಿತಿಯನ್ನು ಮೀರಲೂ ಕೂಡದು ಎಂಬುದೇ ಈ ಎರಡು ಎಚ್ಚರಿಕೆಗಳ ಸಾರವು. ಅವಧಿಗೆ ಮುಂಚೆ ನಿವೃತ್ತನಾದವನು ಎಡವುವುದು ಈ ಎರಡು ಕಡೆಗಳಲ್ಲಿಯೇ ಎಂಬುದನ್ನು ವಿಚಾರವಂತರು ಮನಗಾಣಬೇಕು.

ಮೊದಲನೆಯದು ನಿಂತುಹೋಗುವ ದೋಷವು. ಇಷ್ಟು ವರ್ಷ ದುಡಿದುದಾಯಿತು, ಇನ್ನು ವಿಶ್ರಾಂತಿಯೇ ಸರಿ ಎಂದು ಕುಳಿತವನಿಗೆ ಮೊದಲ ತಿಂಗಳು ಹಬ್ಬದಂತಿರುವುದು. ಎರಡನೆಯ ತಿಂಗಳಲ್ಲಿ ಹಗಲುನಿದ್ರೆಯು ಬೆಳೆದು ರಾತ್ರಿಯ ನಿದ್ರೆಯು ಕೆಡುವುದು. ಮೂರನೆಯ ತಿಂಗಳಲ್ಲಿ ಸಣ್ಣ ಮಾತಿಗೂ ಸಿಟ್ಟು ಬರುವುದು. ಪಾಳಿಯಲ್ಲಿ ದುಡಿದವನ ಶರೀರವು ರಾತ್ರಿಯಲ್ಲಿ ಎಚ್ಚರವಾಗಿರುವುದನ್ನು ಕಲಿತಿರುತ್ತದೆ. ಅದನ್ನು ಒಂದೇ ವಾರದಲ್ಲಿ ಮರೆಯಿಸಲಾಗದು. ಇದಕ್ಕೆ ವೈದ್ಯರು ಒಪ್ಪುವ ಸರಳ ಉಪಾಯವುಂಟು. ಎಷ್ಟು ಹೊತ್ತಿಗೆ ಮಲಗಿದರೂ ಏಳುವ ವೇಳೆಯನ್ನು ಬದಲಿಸದಿರುವುದು, ಎದ್ದೊಡನೆ ಬೆಳಕಿಗೆ ಬರುವುದು, ಹಗಲುನಿದ್ರೆಯನ್ನು ಅರ್ಧ ಗಂಟೆಗೆ ಮಿತಿಗೊಳಿಸುವುದು, ಸಂಜೆಯ ಮೇಲೆ ಚಹವನ್ನು ಬಿಡುವುದು. ರಾಯಚೂರಿನ ಬೇಸಗೆಯಲ್ಲಿ ಬಿಸಿಲೇರಿದ ಮೇಲೆ ನಡೆದಾಡುವುದು ಕ್ಷೇಮವಲ್ಲ. ಆದುದರಿಂದ ನಡಿಗೆಯು ಸೂರ್ಯೋದಯದ ಹೊತ್ತಿನಲ್ಲಿಯೇ ಮುಗಿಯಬೇಕು. ಹೀಗೆ ಬೆಳಗಿನ ಒಂದು ವೇಳೆಯು ಸ್ಥಿರವಾಯಿತೆಂದರೆ ದಿನದ ಉಳಿದ ಭಾಗಕ್ಕೆ ಆಧಾರ ಸಿಕ್ಕಂತಾಗುವುದು.

ಆದರೆ ದೇಹದ ಕ್ರಮವೊಂದೇ ಸಾಲದು. ಕೈಗೆ ಕಾಯಕವೂ ಬೇಕು. ಅದು ದೊಡ್ಡದಾಗಿರಬೇಕೆಂಬ ನಿಯಮವಿಲ್ಲ. ನಿತ್ಯವೂ ತಪ್ಪದೆ ನಡೆಯತಕ್ಕದ್ದಾಗಿರಬೇಕು, ಇನ್ನೊಬ್ಬರಿಗೆ ಉಪಯುಕ್ತವಾಗಿರಬೇಕು. ವಿದ್ಯುತ್ ಕೇಂದ್ರದಲ್ಲಿ ದುಡಿದವನಿಗೆ ತಿಳಿದಿರುವ ವಿದ್ಯೆಯು ಹಳ್ಳಿಯಲ್ಲಿ ಎಷ್ಟೋ ಜನರ ಪ್ರಾಣವನ್ನು ಉಳಿಸಬಲ್ಲುದು. ಒದ್ದೆಗೈಯಿಂದ ಪಂಪಿನ ಸ್ಟಾರ್ಟರನ್ನು ಮುಟ್ಟುವುದು, ಹರಿದುಬಿದ್ದ ತಂತಿಯ ಹತ್ತಿರ ಹೋಗುವುದು, ಫ್ಯೂಜಿನ ಬದಲಿಗೆ ದಪ್ಪ ತಂತಿಯನ್ನು ಕಟ್ಟುವುದು, ಇವುಗಳ ಅಪಾಯವನ್ನು ರೈತರಿಗೆ ಮನವರಿಕೆ ಮಾಡಿಕೊಡುವುದು ಸಾಮಾನ್ಯವಾದ ಸೇವೆಯಲ್ಲ. ಬ್ಯಾಂಕಿನಲ್ಲಿದ್ದವನು ಓದುಬರಹ ತಿಳಿಯದ ವೃದ್ಧೆಯ ಪಿಂಚಣಿಯ ಅರ್ಜಿಯನ್ನು ತುಂಬಿಕೊಡಬಹುದು. ಶಿಕ್ಷಕನಾಗಿದ್ದವನು ಪ್ರಸಾದನಿಲಯದ ಮಕ್ಕಳಿಗೆ ಸಂಜೆ ಒಂದು ತಾಸು ಗಣಿತ ಹೇಳಿಕೊಡಬಹುದು. ಸಂಬಳವು ನಿಂತಿದ್ದರೂ ವಿದ್ಯೆಯು ನಿಂತಿರುವುದಿಲ್ಲವಷ್ಟೆ.

ಕಾಯಕವನ್ನು ಉದ್ಯೋಗ ಬಿಡುವ ಮೊದಲೇ ಗೊತ್ತು ಮಾಡಿಕೊಂಡವನು ಇನ್ನೂ ಧನ್ಯನು. ಇದಕ್ಕೆ ಫ. ಗು. ಹಳಕಟ್ಟಿಯವರ ಜೀವನವು ಉಜ್ವಲವಾದ ನಿದರ್ಶನವು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ವಿಜಾಪುರದಲ್ಲಿ ವಕೀಲಿ ಮಾಡುತ್ತಿರುವಾಗಲೇ ಓಲೆಗರಿಗಳನ್ನು ಹುಡುಕಿ ವಚನಗಳನ್ನು ಸಂಗ್ರಹಿಸತೊಡಗಿದರು. ಅವರ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು 1923ರಲ್ಲಿ ಪ್ರಕಟವಾಯಿತು, 1925ರಲ್ಲಿ ಹಿತಚಿಂತಕ ಮುದ್ರಣಾಲಯವೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯೂ ಆರಂಭವಾದುವು. ಲಾಭದಾಯಕವಾದ ವೃತ್ತಿಯಿಂದ ಅವರು ದೂರ ಸರಿದಾಗ ಅವರ ಮುಂದೆ ಶೂನ್ಯವಿರಲಿಲ್ಲ. ಬಹುಕಾಲದಿಂದ ಕೈಯಲ್ಲಿದ್ದ ಕಾಯಕವೇ ಇಡಿಯ ದಿನವನ್ನು ಆವರಿಸಿಕೊಂಡಿತು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ಬಾಳು ಬಡತನದಲ್ಲಿ ಸಾಗಿತು, ಆದರೆ ಬರಿದಾಗಲಿಲ್ಲ.

ಎರಡನೆಯದು ಮಿತಿಮೀರುವ ದೋಷವು. ನಿಂತುಹೋಗುವುದಕ್ಕೆ ಅಂಜಿದವನು ಕೈಗೆ ಬಂದ ಹಣವನ್ನು ಹಿಡಿದುಕೊಂಡು ಆರು ತಿಂಗಳೊಳಗೆ ಆರು ಉದ್ಯಮಗಳಿಗೆ ಕೈಹಾಕುವನು. ಅಂಗಡಿ, ಲಾರಿ, ನಿವೇಶನಗಳ ವ್ಯವಹಾರ, ಬಂಧುಗಳಿಗೆ ಕೈಗಡ, ಹೀಗೆ ಹಣವು ಹರಿದುಹೋಗುವುದು. ಮಾನ್ವಿಯ ಕಡೆಯವನು ತುಂಗಭದ್ರಾ ಎಡದಂಡೆಯ ಕಾಲುವೆಯನ್ನು ನಂಬಿ ಭತ್ತದ ಹೊಲವನ್ನು ಕೊಳ್ಳುವನು. ಆದರೆ ಕಾಲುವೆಯ ಕೊನೆಯ ಭಾಗದ ಹೊಲಗಳಿಗೆ ನೀರು ಮುಟ್ಟುವ ಕಷ್ಟವನ್ನು ಅಲ್ಲಿಯ ರೈತರೇ ಬಲ್ಲರು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್‌ಗೇಟು ಕೊಚ್ಚಿಹೋದಾಗ, ನೀರಿನ ಭರವಸೆಯು ಎಷ್ಟು ಸೂಕ್ಷ್ಮವಾದುದೆಂಬುದು ಸರ್ವರಿಗೂ ಗೋಚರವಾಯಿತು. ನಾರಾಯಣಪುರ ಬಲದಂಡೆಯ ಕಾಲುವೆಯ ನೀರುಂಡ ದೇವದುರ್ಗದ ಹೊಲವನ್ನು ಕೊಳ್ಳುವವನೂ ಒಂದು ವರ್ಷ ಹಿರಿಯ ಒಕ್ಕಲಿಗರ ಜೊತೆಯಲ್ಲಿ ನಿಂತು ಒಕ್ಕಲುತನವನ್ನು ಕಲಿತ ಮೇಲೆ ಕೊಳ್ಳುವುದು ಲೇಸು. ಒಕ್ಕಲುತನವು ಪವಿತ್ರವಾದ ಕಾಯಕವು. ಆದರೆ ಕಲಿಯದೆ ಮಾಡಿದ ಕಾಯಕವು ಜೂಜಾಗುವುದು.

ಹಣದ ಲೆಕ್ಕವನ್ನು ಉದ್ಯೋಗ ಬಿಡುವ ಮೊದಲೇ ಶಾಂತಚಿತ್ತದಿಂದ ಮಾಡತಕ್ಕದ್ದು. ಗ್ರಾಚ್ಯುಯಿಟಿಯನ್ನು ಕೊನೆಯ ತಿಂಗಳ ವೇತನ ಹಾಗೂ ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಿ ಎಣಿಸುವರು. 52,000 ರೂಪಾಯಿ ವೇತನವುಳ್ಳವನು 25 ವರ್ಷಕ್ಕೆ ಬಿಟ್ಟರೆ 7,50,000 ರೂಪಾಯಿ ಬರುವುದು. ಅದೇ ವೇತನದಲ್ಲಿಯೇ 33 ವರ್ಷ ದುಡಿದಿದ್ದರೆ 9,90,000 ಬರುತ್ತಿತ್ತು. ನೌಕರರ ಭವಿಷ್ಯನಿಧಿಗೆ ಸೇರಿದ 1995ರ ಪಿಂಚಣಿ ಯೋಜನೆಗೆ ಒಳಪಟ್ಟವರಿಗೆ ಪೂರ್ಣ ಪಿಂಚಣಿಯು 58ನೆಯ ವಯಸ್ಸಿಗೆ; 50 ದಾಟಿದ ಮೇಲೆ ಮುಂಚಿತವಾಗಿಯೇ ಬೇಕೆಂದವರಿಗೆ ಕಡಿಮೆಯಾದ ಪ್ರತಿಯೊಂದು ವರ್ಷಕ್ಕೂ ನೂರಕ್ಕೆ 4ರಂತೆ ಕಡಿತವುಂಟು, ಮತ್ತು ಆ ಕಡಿತವು ಕೊನೆಯವರೆಗೂ ಇರುವುದು. ಇವನ್ನು ಅರಿತು, ಮೊದಲು ಸಾಲವನ್ನು ತೀರಿಸಿ, ಒಂದು ವರ್ಷದ ಮನೆಖರ್ಚನ್ನೂ ಔಷಧೋಪಚಾರದ ಹಣವನ್ನೂ ಬೇರೆಯಾಗಿ ಇಟ್ಟು, ಉಳಿದುದನ್ನು ಒಂದು ವರ್ಷದವರೆಗೆ ಯಾವ ಸಾಹಸಕ್ಕೂ ತೊಡಗಿಸದಿರುವುದು ವಿವೇಕವು. ಈ ಕಾಲದಲ್ಲಿ ಕೈಗಡ ಕೇಳಿ ಬರುವ ಬಂಧುಗಳಿಗೆ ಇಲ್ಲವೆನ್ನುವುದು ಕಠಿಣವೇ. ಆದರೆ ಹೆಂಡತಿಮಕ್ಕಳ ಅನ್ನವನ್ನು ಕೊಟ್ಟು ದಾನಶೂರನೆನಿಸಿಕೊಳ್ಳುವುದು ಧರ್ಮವಾಗಲಾರದು.

ಆತುರಪಡದೆ ಕಾದವರಿಗೆ ತಕ್ಕ ಕಾಯಕವು ತಾನಾಗಿ ಒದಗಿದ ಉದಾಹರಣೆಯೂ ನಾಡಿನ ಇತಿಹಾಸದಲ್ಲಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1884ರಲ್ಲಿ ಸೇರಿದ ಮುಂಬಯಿ ಸರಕಾರದ ನೌಕರಿಯನ್ನು 1908ರಲ್ಲಿ, ಐವತ್ತು ತುಂಬುವ ಮೊದಲೇ, ಸ್ವಇಚ್ಛೆಯಿಂದ ಬಿಟ್ಟರು. ಬಿಟ್ಟ ಕೂಡಲೇ ಬೇರೊಂದು ಅಧಿಕಾರಕ್ಕೆ ಹಾತೊರೆಯದೆ ವಿದೇಶಗಳನ್ನು ಸಂಚರಿಸಿ ಅಲ್ಲಿಯ ಕಾಮಗಾರಿಗಳನ್ನು ಅಭ್ಯಸಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೂಸೀ ನದಿಯ ಮಹಾಪೂರವು ಹೈದರಾಬಾದನ್ನು ಹಾಳುಮಾಡಿತು; ಆಗ ರಾಯಚೂರು ಸೀಮೆಯೂ ಸೇರಿದ್ದ ನಿಜಾಮರ ಸಂಸ್ಥಾನವು ಪೂರದ ನಿವಾರಣೆಗಾಗಿ ಅವರನ್ನೇ ಕರೆಯಿತು. 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರರಾದರು. 1912ರಿಂದ 1918ರವರೆಗೆ ದಿವಾನರಾದರು. ಅವರ ಯೋಗ್ಯತೆ ಎಲ್ಲರಿಗೂ ಬಾರದು, ನಿಜ. ಆದರೆ ಬಿಡುವನ್ನು ಕಲಿಯುವುದಕ್ಕೆ ಉಪಯೋಗಿಸಿದ ಅವರ ರೀತಿಯು ಯಾರಿಗೂ ಅಸಾಧ್ಯವಲ್ಲ.

ಕೊನೆಯದಾಗಿ ಮನೆಯ ವಿಚಾರ. ಮಾರಯ್ಯನನ್ನು ಎಬ್ಬಿಸಿದವಳೂ ಹಿಂದಕ್ಕೆ ಕಳುಹಿದವಳೂ ಆತನ ಸತಿಯೇ ಎಂಬುದನ್ನು ಮರೆಯಲಾಗದು. ಆತನ ಹಿರಿಮೆಯು ಆ ಮಾತನ್ನು ಕೇಳಿದುದರಲ್ಲಿದೆ. ನಿವೃತ್ತನು ಹಗಲೆಲ್ಲ ಮನೆಯಲ್ಲಿರತೊಡಗಿದಾಗ, ಅದುವರೆಗೆ ಗೃಹಿಣಿಯು ತನ್ನ ಕ್ರಮದಲ್ಲಿ ನಡೆಸಿಕೊಂಡು ಬಂದ ಸಂಸಾರದಲ್ಲಿ ಹೊಸ ಮೇಲಧಿಕಾರಿ ಬಂದಂತಾಗಬಾರದು. ಸಾರಿಗೆ ಉಪ್ಪು ಹೆಚ್ಚಾಯಿತೆಂದು, ಸೊಸೆಯು ತಡವಾಗಿ ಎದ್ದಳೆಂದು, ಮೊಮ್ಮಗನು ಗದ್ದಲ ಮಾಡಿದನೆಂದು ದಿನವೂ ತೀರ್ಪು ಕೊಡುವವನು ಬೇಗನೆ ಒಂಟಿಯಾಗುವನು. ಗೃಹಿಣಿಗೆ ವಯೋನಿವೃತ್ತಿಯಿಲ್ಲ, ಸ್ವಯಂನಿವೃತ್ತಿಯೂ ಇಲ್ಲ, ಪಿಂಚಣಿಯಂತೂ ಇಲ್ಲವೇ ಇಲ್ಲ. ಹೊರಗೆ ದುಡಿದು ನಿವೃತ್ತಳಾದ ಹೆಣ್ಣುಮಗಳಿಗಾದರೂ ಒಳಗಿನ ದುಡಿಮೆ ತಪ್ಪಿದ್ದಲ್ಲ. ಆದುದರಿಂದ ನೀರು ತುಂಬುವುದು, ಸಂತೆಗೆ ಹೋಗಿಬರುವುದು, ಹಿರಿಯರಿಗೆ ಔಷಧ ಕೊಡುವುದು, ಇವುಗಳಲ್ಲಿ ಕೆಲವನ್ನಾದರೂ ನಿವೃತ್ತನು ತನ್ನ ನಿತ್ಯದ ಪಾಳಿಯೆಂದು ಸ್ವೀಕರಿಸತಕ್ಕದ್ದು. ಉದ್ಯೋಗ ಬಿಡುವ ನಿರ್ಧಾರವನ್ನೂ, ಬಂದ ಹಣವನ್ನು ತೊಡಗಿಸುವ ನಿರ್ಧಾರವನ್ನೂ ಆಕೆಯೊಡನೆ ಆಲೋಚಿಸಿಯೇ ಮಾಡತಕ್ಕದ್ದು. ಲಕ್ಕಮ್ಮನಂತೆ ಸತ್ಯವನ್ನು ನಿರ್ಭಯವಾಗಿ ಹೇಳುವ ಸ್ವಾತಂತ್ರ್ಯವು ಆಕೆಗಿರುವ ಮನೆಯಲ್ಲಿ ಮೇಲೆ ಹೇಳಿದ ಎರಡು ದೋಷಗಳೂ ಬಹುಕಾಲ ನಿಲ್ಲಲಾರವು.

ನಿವೃತ್ತಿಯು ನೌಕರಿಗೆ ಸಂಬಂಧಿಸಿದ ಮಾತು. ಕಾಯಕಕ್ಕೆ ಆ ಮಾತು ಅನ್ವಯಿಸದು. ಹುದ್ದೆಯು ಸಂಸ್ಥೆಯು ಕೊಟ್ಟುದು, ಆದುದರಿಂದ ಅದನ್ನು ಸಂಸ್ಥೆಗೆ ಒಪ್ಪಿಸಿ ಬರಬಹುದು. ಕೈಯ ಕುಶಲತೆ, ದುಡಿಮೆಯ ಶಿಸ್ತು, ಇನ್ನೊಬ್ಬರಿಗೆ ಒದಗುವ ಮನಸ್ಸು, ಇವು ಯಾರ ಕಚೇರಿಗೂ ಒಪ್ಪಿಸತಕ್ಕ ವಸ್ತುಗಳಲ್ಲ. ಅವನ್ನು ಮನೆಗೆ ತಂದು ಮಿತಿಯರಿತು ಬಳಸುವವನಿಗೆ ಮರುದಿನದ ಬೆಳಗು ಭಾರವಾಗಿ ತೋರದು. ಇಂದು ನಿವೃತ್ತರಾಗಿರುವ, ಇನ್ನು ಮುಂದೆ ಆಗತಕ್ಕ ಸಮಸ್ತ ಭಕ್ತರಿಗೂ ನಿತ್ಯವೂ ಒಂದು ಸಣ್ಣ ಕಾಯಕವು ಕೈಗೂಡಲಿ.